ಹೊಗೆಯಿಂದ ಬೂದಿ ಹಿಡಿದ ಕಾಟ್ರೆಲ್

ನಮ್ಮ ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಬಿಸಿಲಿನಿಂದ ಕರೆಂಟು ತೆಗೀತಾರೆ. ಅಲ್ಲಿ ಹೊಗೆಯಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ? ಮಧುಗಿರಿ, ಶಿರಾ, ಕೊರಟಗೆರೆಗೆ ಬರುವ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಕರೆಂಟೂ ಸೇರಿರುತ್ತೆ. ಸೌದೆ ಒಲೆ ಹೊಗೆಯಾಡಿದರೆ ನಾವು ಹೊರಗೆ ಓಡಿ ಬರ್ತೀವಿ. ಕಲ್ಲಿದ್ದಲ ಸ್ಥಾವರದ ಪಕ್ಕದ ಊರವರು ಎಲ್ಲಿಗೆ ಓಡಬೇಕು? ಅವರಿಗಾಗಿ ಬಿಸಿ ಹೊಗೆಯಿಂದ ಬೂದಿ ಬೇರೆ ಮಾಡುವ ದಾರಿ ತೋರಿದವರು ಫ್ರೆಡರಿಕ್ ಕಾಟ್ರೆಲ್.

ಇವರು 1877ನೇ ಇಸವಿ ಜನವರಿ 10ರಂದು ಅಮೆರಿಕದ ಓಕ್ಲೆಂಡ್ ಊರಿನಲ್ಲಿ ಜನಿಸಿದರು. ಓದು ಮುಗಿಸಿ ಅಲ್ಲಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟರಾದರು. ಆಮೇಲೆ ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಆ ಕಾಲದಲ್ಲಿ ಸೀಸ ಕರಗಿಸುವ ಕಾರ್ಖಾನೆಯೊಂದರ ಹೊಗೆಯ ತಕರಾರು ಕೋರ್ಟಿಗೆ ಹೋಗಿತ್ತು. ಮುಚ್ಚಿದರೆ ಕೂಲಿಯವರಿಗೆ ಅನ್ನವಿಲ್ಲ, ನಡೆಸಿದರೆ ಸುತ್ತಲ ಜನಕ್ಕೆ ನೆಮ್ಮದಿಯಿಲ್ಲ. ಕಾಟ್ರೆಲ್ ವಿದ್ಯುತ್ತಿನಿಂದ ಹೊಗೆ ಹಿಡಿಯಲು ಹೊರಟರು. ಇಂಗ್ಲೆಂಡಿನ ಆಲಿವರ್ ಲಾಡ್ಜ್ ಇದೇ ಕೆಲಸಕ್ಕೆ ಕೈಹಾಕಿ ಸೋತಿದ್ದರು. ಒಮ್ಮೆ ಕತ್ತಲಲ್ಲಿ, ಹತ್ತಿ ದಾರ ಸುತ್ತಿದ ತಂತಿಯ ಮೇಲೆ ನೇರಳೆ ಬೆಳಕು ಕಾಟ್ರೆಲ್‌ಗೆ ಕಂಡಿತು. ಹತ್ತಿಯ ಸಣ್ಣ ಎಳೆಗಳಿಂದ ವಿದ್ಯುತ್ ಚೆನ್ನಾಗಿ ಹರಡುತ್ತಿತ್ತು. ಅದೇ ದಾರಿ ಹಿಡಿದು 1908ರಲ್ಲಿ ಪೇಟೆಂಟ್ ಪಡೆದರು.

ಯಂತ್ರದ ಕೆಲಸ ಹೀಗೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತಲ್ಲ, ಹಾಗೇ. ಹೊಗೆಯ ದಾರಿಯಲ್ಲಿ ತಂತಿಗಳು, ಅವುಗಳ ಆಚೀಚೆ ಲೋಹದ ತಗಡುಗಳು. ತಂತಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಬೂದಿಯ ಕಣಗಳು ವಿದ್ಯುತ್ ಪಡೆದು ತಗಡಿಗೆ ಅಂಟುತ್ತವೆ. ತಗಡನ್ನು ಬಡಿದರೆ ಬೂದಿ ಕೆಳಗೆ ಬೀಳುತ್ತೆ. ನೂರು ಪಾಲಿನಲ್ಲಿ 99 ಪಾಲಿಗೂ ಹೆಚ್ಚು ಬೂದಿ ಹಿಡಿಯಬಹುದು. ಅದನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸ್ತಾರೆ. ಗಂಧಕದ ಅನಿಲ ಮಾತ್ರ ಇದಕ್ಕೆ ಸಿಕ್ಕುವುದಿಲ್ಲ. ಅದನ್ನು ಸುಣ್ಣದಕಲ್ಲು ಕಲಸಿದ ನೀರಿನಿಂದ ಬೇರೆಯಾಗಿ ತೊಳೆಯಬೇಕು.

1923ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರದ ಕಲ್ಲಿದ್ದಲ ವಿದ್ಯುತ್ ಸ್ಥಾವರಕ್ಕೆ ಈ ಯಂತ್ರ ಬಂತು. ಕಾಟ್ರೆಲ್ ಬಯಸಿದ್ದರೆ ದೊಡ್ಡ ಸಾಹುಕಾರರಾಗಬಹುದಿತ್ತು. ಆದರೆ ಅವರು 1912ರಲ್ಲೇ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿ, ತಮ್ಮ ಪೇಟೆಂಟ್‌ಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ಬಂದ ಲಾಭ ಬೇರೆ ವಿಜ್ಞಾನಿಗಳ ಸಂಶೋಧನೆಗೆ ಹೋಯಿತು. ಗಾಡರ್ಡ್ ಅವರ ರಾಕೆಟ್ ಪ್ರಯೋಗಕ್ಕೂ ಅದರಿಂದ ನೆರವು ಸಿಕ್ಕಿತು.

1948ರ ನವೆಂಬರ್ 16ರಂದು ಬರ್ಕ್ಲಿಯಲ್ಲಿ ವಿಜ್ಞಾನಿಗಳ ಸಭೆಯಲ್ಲಿದ್ದಾಗಲೇ ಕಾಟ್ರೆಲ್ ತೀರಿಕೊಂಡರು. ಗೆಳೆಯರೇ, ಕಲಿತ ವಿದ್ಯೆ ಪಕ್ಕದ ಊರಿನವರ ಉಸಿರಿಗೂ ಆಗಬೇಕು. ಇವರ ಬಾಳಿನಿಂದ ನಾವು ಕಲಿಯಬೇಕಾದ್ದು ಇದೇ.