ಭಾಸ್ಕರಾಚಾರ್ಯರೂ ನಮ್ಮ ಹೊಣೆಯೂ

ಭರತಖಂಡದ ಗಣಿತಜ್ಞರಲ್ಲಿ ಅಗ್ರಗಣ್ಯರಾದ ಭಾಸ್ಕರಾಚಾರ್ಯರು ಶಾಲಿವಾಹನ ಶಕ 1036, ಎಂದರೆ ಕ್ರಿ. ಶ. 1114ರಲ್ಲಿ ಜನ್ಮವೆತ್ತಿದರು. ಶಾಂಡಿಲ್ಯಗೋತ್ರದ ಮಹೇಶ್ವರರು ಅವರಿಗೆ ತಂದೆಯೂ ಹೌದು, ವಿದ್ಯಾಗುರುವೂ ಹೌದು. ತಮ್ಮ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡವೆಂದು ಆಚಾರ್ಯರೇ ತಿಳಿಸಿದ್ದಾರೆ. ಅದು ನಮ್ಮ ವಿಜಾಪುರವೇ ಎಂದು ಕೆಲವರು ಸಾಧಿಸುವರು; ಖಾನದೇಶದಲ್ಲಿತ್ತೆಂದು ಮತ್ತೆ ಕೆಲವರು. ಅಭಿಮಾನವು ನಮ್ಮನ್ನು ಮೊದಲಿನವರತ್ತ ಎಳೆಯುತ್ತದೆ. ಆದರೆ ವಿಜಾಪುರವು ಸಹ್ಯಾದ್ರಿಗೆ ದೂರವೆಂಬುದನ್ನೂ, ಆಚಾರ್ಯರ ವಂಶದ ಶಿಲಾಶಾಸನವು ಚಾಳೀಸಗಾಂವದ ಬಳಿಯ ಪಾಟಣದಲ್ಲಿ ದೊರೆತುದನ್ನೂ ಮರೆಮಾಚುವುದು ಸಲ್ಲದು.

ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬಿವು ಅದರ ನಾಲ್ಕು ಭಾಗಗಳು. ಇವುಗಳಲ್ಲಿ ಬೀಜಗಣಿತದ ಒಂದು ಲೆಕ್ಕವೇ ಆಚಾರ್ಯರ ಪ್ರತಿಭೆಗೆ ಸಾಕ್ಷಿಯಾಗಿದೆ. ಯಾವ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಮತ್ತೊಂದು ವರ್ಗವೇ ದೊರೆಯುವುದು? 61 ಅವಿಭಾಜ್ಯ ಸಂಖ್ಯೆ; ಊಹೆಯಿಂದ ಉತ್ತರ ಸಿಕ್ಕದು. 8ರ ವರ್ಗವು 61ಕ್ಕಿಂತ 3 ಹೆಚ್ಚು. ಆದುದರಿಂದ 8ರೊಡನೆ ಕೂಡಿಸಿ 3ರಿಂದ ಭಾಗಿಸಿದಾಗ ಶೇಷವುಳಿಯದ 1, 4, 7, 10 ಮೊದಲಾದ ಸಂಖ್ಯೆಗಳಲ್ಲಿ, ಯಾವುದರ ವರ್ಗವು 61ಕ್ಕೆ ಅತಿ ಸಮೀಪವೋ ಆ 7ನ್ನು ಆರಿಸಬೇಕು. ಅದರಿಂದ 39 ಮತ್ತು 5 ಎಂಬ ಹೊಸ ಜೋಡಿ ಹುಟ್ಟಿ, ಅಂತರವು 4ಕ್ಕೆ ನಿಲ್ಲುತ್ತದೆ. ಹೀಗೆ ಶೇಷವನ್ನೂ ಸಾಮೀಪ್ಯವನ್ನೂ ಕೂಡಿಯೇ ತೂಗುತ್ತ ಚಕ್ರದಂತೆ ಸಾಗುವ ಈ ಕ್ರಮಕ್ಕೆ ಚಕ್ರವಾಳವೆಂದು ಹೆಸರು. ಬ್ರಹ್ಮಗುಪ್ತರ ಸೂತ್ರದ ನೆರವಿನಿಂದ ಕೊನೆಗೆ 226153980 ಮತ್ತು 1766319049 ಎಂಬ ಉತ್ತರ ಬರುತ್ತದೆ. ಇದೇ 61ರ ಲೆಕ್ಕವನ್ನು ಫ್ರಾನ್ಸಿನ ಫರ್ಮಾ ಎಂಬವರು 1657ರಲ್ಲಿ ಪಂಡಿತರಿಗೆ ಸವಾಲಾಗಿ ಒಡ್ಡಿದರು. ಆಗ ಆಚಾರ್ಯರ ಗ್ರಂಥಕ್ಕೆ ಐದು ಶತಮಾನಗಳೇ ಕಳೆದಿದ್ದುವು.

ಶೇಷಗಳ ವಿದ್ಯೆಯು ಅಲ್ಲಿಗೆ ನಿಲ್ಲಲಿಲ್ಲ. ಬಹುದೊಡ್ಡ ಅವಿಭಾಜ್ಯ ಸಂಖ್ಯೆಯೊಂದನ್ನು ಹಿಡಿದು, ವರ್ಗಗಳಿಂದ ಬರುವ ಶೇಷಗಳಿಗೆ ಧನ ಒಂದನ್ನೂ ಉಳಿದವಕ್ಕೆ ಋಣ ಒಂದನ್ನೂ ಇತ್ತು ಸಾಲಾಗಿ ಕೂಡಿಸಿದರೆ, ಮೊತ್ತವು ಎಷ್ಟನ್ನು ಮೀರದೆಂಬ ಅಂದಾಜನ್ನು 1918ರಲ್ಲಿ ಪೋಲ್ಯಾ, ವಿನೊಗ್ರಾಡೊವ್ ಇವರು ಬೇರೆಬೇರೆಯಾಗಿ ಸಾಧಿಸಿದರು. ಇಂದಿನ ಬ್ಯಾಂಕುಗಳ ಗುಪ್ತಲಿಪಿಯೂ ದೊಡ್ಡ ಅವಿಭಾಜ್ಯಗಳ ಶೇಷಗಣಿತವನ್ನೇ ನೆಮ್ಮಿದೆ.

ಆಚಾರ್ಯರು 1183ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಕರಣಕುತೂಹಲವನ್ನು ಬರೆದರು. ಅವರ ಪುತ್ರ ಲಕ್ಷ್ಮೀಧರನು ಸೇವುಣ ಅರಸ ಜೈತ್ರಪಾಲನ ಆಸ್ಥಾನವನ್ನು ಸೇರಿದನು. ಪೌತ್ರ ಚಾಂಗದೇವನು ಅಜ್ಜನ ಗ್ರಂಥಗಳ ಪಾಠಕ್ಕೆಂದೇ ಪಾಟಣದಲ್ಲಿ ಮಠವನ್ನು ಸ್ಥಾಪಿಸಿದನು; 1207ರಲ್ಲಿ ಅದಕ್ಕೆ ದತ್ತಿ ದೊರೆಯಿತು.

ಈ ಕೊನೆಯ ಸಂಗತಿಯೇ ನಮಗೆ ಮುಖ್ಯವಾದುದು. ಜನ್ಮಸ್ಥಳಕ್ಕಾಗಿ ವಾದಿಸುವುದು ಸುಲಭ. ಪಾಠವನ್ನು ನಡೆಸಿಕೊಂಡು ಬರುವುದು ಕಷ್ಟ. ಘಟಪ್ರಭೆಯ ದಡದ ಕೊಣ್ಣೂರಿನ ಬಾಲಕನಿಗೆ ಆಚಾರ್ಯರ ಹೆಸರು ಪರಿಚಿತವಾಗಿದ್ದು ಅವರ ಲೆಕ್ಕವು ಅಪರಿಚಿತವಾಗಿದ್ದರೆ, ಆ ಅಭಿಮಾನವು ಬರಿದೇ ಸರಿ. ಚಕ್ರವಾಳವನ್ನು ಕನ್ನಡದಲ್ಲಿ ಬಿಡಿಸಿ ಕಲಿಸುವ ಉಪಾಧ್ಯಾಯನೇ ಆಚಾರ್ಯರ ನಿಜವಾದ ವಾರಸುದಾರನೆಂದು ನಾವು ಭಾವಿಸುತ್ತೇವೆ.