ಕನ್ನಂಬಾಡಿಯಲ್ಲಿ ಬಿಟ್ಟ ನೀರು, ಸಂಗಮದಲ್ಲಿ ನಿಂತ ಹುಡುಗರು: ಸರ್ ಎಂವಿಯನ್ನು ಮತ್ತೆ ಓದುವುದಕ್ಕೊಂದು ಕಾರಣ

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪು ನಿದ್ದೆಯಿಂದ ಏಳುತ್ತೆ. ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಫೋಟೊ, ಕೆಳಗೊಂದಿಷ್ಟು ಕೈಮುಗಿಯುವ ಇಮೋಜಿ. ಸಂಜೆ ಹೊತ್ತಿಗೆ ಎಲ್ಲರೂ ಅಪ್ರೈಸಲ್, ಇಎಂಐ ಮಾತಿಗೆ ವಾಪಸ್. ರಾಜಕೀಯದ ಗೆಳೆಯರಿರುವ ಗ್ರೂಪಿನಲ್ಲಿ ಬೇರೆಯೇ ಕತೆ. ಕೆಆರ್‌ಎಸ್ ನಿಜವಾಗಿ ಯಾರದ್ದು, ನಾಲ್ವಡಿಯವರದ್ದೋ, ಎಂವಿಯವರದ್ದೋ, ಮೊದಲು ಕನಸು ಕಂಡ ಟಿಪ್ಪುವಿನದ್ದೋ ಅಂತ ರಾತ್ರಿಯವರೆಗೆ ಜಗಳ. ಒಂದು ಕಡೆ ಪೂಜೆ, ಇನ್ನೊಂದು ಕಡೆ ಪಂಚಾಯ್ತಿ. ಇವೆರಡರ ನಡುವೆ ಆ ಮನುಷ್ಯ ಬದುಕಿಡೀ ಮಾಡಿದ ಕೆಲಸ ಏನು ಅನ್ನೋದೇ ಮರೆತುಹೋಗಿದೆ. ಅದನ್ನು ನೋಡಬೇಕಾದ ಜಾಗ ನನ್ನ ಪ್ರಕಾರ ಕನ್ನಂಬಾಡಿ ಅಲ್ಲ, ಕಾವೇರಿ ಕರ್ನಾಟಕ ಬಿಡುವ ಮೂಲೆಯಲ್ಲಿರುವ ಸಂಗಮ.

ಕನಕಪುರ ತಾಲೂಕಿನ ದಕ್ಷಿಣದ ಅಂಚೇ ಕಾವೇರಿ. ಉಯ್ಯಂಬಳ್ಳಿ ಹೋಬಳಿಯ ಸೀಮೆ ದಾಟಿ ಕಾಡಿನ ಕಡೆ ಇಳಿದರೆ ಅರ್ಕಾವತಿ ಬಂದು ಕಾವೇರಿಯನ್ನು ಕೂಡುವ ಸಂಗಮ ಸಿಗುತ್ತೆ. ಅಲ್ಲಿಂದ ಕೆಳಕ್ಕೆ ಸುಮಾರು 4 ಕಿಲೋಮೀಟರ್ ಹೋದರೆ ಮೇಕೆದಾಟು. ಬೆಂಗಳೂರಿನಿಂದ ಬೆಳಗ್ಗೆ ಬೈಕ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮುಟ್ಟಬಹುದಾದ ಜಾಗ. ಇಲ್ಲಿ ನೀರಿಗಿಳಿದು ಮುಳುಗಿದವರ ಸುದ್ದಿಯೂ ಹೊಸದಲ್ಲ. ಆ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಕಾಲೇಜು ಹುಡುಗರ ವಯಸ್ಸು.

ಜುಲೈ, ಆಗಸ್ಟಿನಲ್ಲಿ ಅಲ್ಲಿ ನಿಂತು ಆಕಾಶ ನೋಡಿದರೆ ಹೆದರುವಂಥದ್ದೇನೂ ಕಾಣಲ್ಲ. ಈ ಸೀಮೆಗೆ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದರೆ ಕೊಡಗಿನಲ್ಲಿ ಮುಂಗಾರು ಹೊಯ್ಯುವುದು ಇದೇ ಜುಲೈ, ಆಗಸ್ಟಿನಲ್ಲಿ. ಅಲ್ಲಿಯ ನೀರು ಕೆಆರ್‌ಎಸ್ ತುಂಬಿಸುತ್ತೆ. ವಯನಾಡಿನ ಮಳೆ ಕಬಿನಿಯನ್ನು ತುಂಬಿಸಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತೆ. ಮುಂದೆ ಶಿಂಷಾ ಬರುತ್ತೆ. ಬೆಂಗಳೂರಲ್ಲಿ ಸುರಿದ ಮಳೆ ವೃಷಭಾವತಿ ಹಿಡಿದು, ಅರ್ಕಾವತಿಯಾಗಿ, ಹಾರೋಬೆಲೆ ಜಲಾಶಯ ದಾಟಿ ಬರುತ್ತೆ. ಅಂದರೆ ಸಂಗಮದ ನೀರನ್ನು ತೀರ್ಮಾನಿಸುವುದು ಬೇರೆ ನಾಲ್ಕು ಊರಿನ ಆಕಾಶ. ತಲೆ ಮೇಲಿನ ಬಿಸಿಲು ಇಲ್ಲಿ ಯಾವ ಸಾಕ್ಷಿಯನ್ನೂ ಹೇಳಲ್ಲ.

ಎಲ್ಲೋ ಬಿದ್ದ ಮಳೆ ಇನ್ನೆಲ್ಲೋ ಜನರನ್ನು ಕೊಲ್ಲುತ್ತೆ. ಹಾಗಾಗಿ ಮೇಲೆ ಅಳೆದು, ಕೆಳಗೆ ಹೇಳಬೇಕು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವೃತ್ತಿಜೀವನವನ್ನು ಒಂದೇ ಎಳೆಯಲ್ಲಿ ಹಿಡಿಯಬೇಕಾದರೆ ನಾನು ಹಿಡಿಯುವ ಎಳೆ ಇದು.

ಅವರು ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿಎ ಮುಗಿಸಿದರು. ಮುಂದೆ ಮೈಸೂರು ಸರ್ಕಾರದ ನೆರವಿನಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್. 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ, ನಾಸಿಕ್‌ನಲ್ಲಿ.

ಶುರುವಿನ ಕೆಲಸಗಳಲ್ಲಿ ಒಂದು ಧುಳೆ ಸೀಮೆಯ ಪಾಂಝರಾ ನದಿಯ ಅಡಿಯಲ್ಲಿ ಕೊಳವೆ ಹಾಯಿಸಿ ಕಾಲುವೆ ನೀರನ್ನು ಆಚೆ ದಡಕ್ಕೆ ತಲುಪಿಸುವುದು. ಮಳೆಗಾಲದ ನದಿ ಕೆಲಸಗಾರರ ಕ್ಯಾಲೆಂಡರ್ ಕೇಳಲ್ಲ ಅನ್ನೋದು ಆ ಯುವ ಇಂಜಿನಿಯರಿಗೆ ಅಲ್ಲೇ ಗೊತ್ತಾಗಿರಬೇಕು. 1890ರ ದಶಕದಲ್ಲಿ ಸಿಂಧೂ ದಡದ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಟ್ಟರು.

ಆಮೇಲೆ ಬಂದದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ. ಅಣೆಕಟ್ಟಿನ ಎತ್ತರ ಹೆಚ್ಚಿಸದೆ ಹೆಚ್ಚು ನೀರು ಹಿಡಿಯಬೇಕಿತ್ತು, ಆದರೆ ಪ್ರವಾಹ ಬಂದಾಗ ಗೋಡೆ ಒಡೆಯಬಾರದು. 1903ರಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳ ಬುದ್ಧಿವಂತಿಕೆ ಸರಳ. ನೀರು ಗೊತ್ತುಮಾಡಿದ ಗೆರೆ ಮುಟ್ಟುವವರೆಗೆ ಗೇಟು ಮುಚ್ಚಿರುತ್ತೆ. ಗೆರೆ ದಾಟಿದ ತಕ್ಷಣ ತಾನೇ ತೆರೆದುಕೊಳ್ಳುತ್ತೆ. ಪ್ರವಾಹ ಇಳಿದರೆ ಮತ್ತೆ ತಾನೇ ಮುಚ್ಚಿಕೊಳ್ಳುತ್ತೆ. ನಡುರಾತ್ರಿ ಯಾರೋ ಎದ್ದು ಬಂದು ಚಕ್ರ ತಿರುಗಿಸಬೇಕಿಲ್ಲ. ಆಟೋಮೇಷನ್ ಅಂತ ನಾವಿವತ್ತು ಕುಣಿದಾಡುವ ವಿಷಯವನ್ನು ಕರೆಂಟೂ ಇಲ್ಲದೆ, ನೀರಿನ ಒತ್ತಡ ಮತ್ತು ತೂಕದ ಸಮತೋಲನದಲ್ಲೇ ಮಾಡಿದ್ದರು.

ಮುಂಬೈ ಪ್ರಾಂತ್ಯದಲ್ಲಿ ಹಲವು ಹಿರಿಯರನ್ನು ದಾಟಿ ಬಡ್ತಿ ಪಡೆದವರು ಅವರು. ಆದರೆ ಚೀಫ್ ಇಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗುವ ಕಾಲವಾಗಿರಲಿಲ್ಲ. ನಿವೃತ್ತಿ ತೆಗೆದುಕೊಂಡು ವಿದೇಶ ಪ್ರವಾಸಕ್ಕೆ ಹೊರಟರು. ಆ ಕುರ್ಚಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವರು ಹೊರದೇಶದಲ್ಲಿದ್ದಾಗಲೇ, 1908ರ ಸೆಪ್ಟೆಂಬರ್ 28ರಂದು, ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಸಾವಿರಾರು ಜನ ಸತ್ತರು. ಈಗಿನ ಉಸ್ಮಾನಿಯಾ ಆಸ್ಪತ್ರೆ ಆವರಣದ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರವನ್ನು ಊರು ಇವತ್ತಿಗೂ ಮರೆತಿಲ್ಲ. ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಹೇಳಿಕಳಿಸಿತು, 1909ರಲ್ಲಿ ಅವರು ಬಂದರು.

ಬಂದವರು ಮೊದಲು ಮಾಡಿದ ಕೆಲಸ ಗೋಡೆ ಕಟ್ಟುವುದಲ್ಲ, ಲೆಕ್ಕ ಕೂಡಿಸುವುದು. ಎಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಹೊತ್ತಿನಲ್ಲಿ ಬಿತ್ತು, ನದಿಗೆ ನೀರು ಬರುವ ಸೀಮೆ ಎಷ್ಟು ಅಗಲ, ಅದರಲ್ಲಿ ಕೆರೆಗಳೆಷ್ಟು. ನೂರಾರು ಕೆರೆಗಳ ಪೈಕಿ ಇನ್ನೂರಕ್ಕೂ ಹೆಚ್ಚು ಆ ಮಳೆಯಲ್ಲಿ ಒಡೆದಿದ್ದವು. ಒಂದು ಕೆರೆ ಒಡೆದು ಕೆಳಗಿನ ಕೆರೆ ಮೇಲೆ ಬಿದ್ದು, ಅದು ಮುಂದಿನದ್ದರ ಮೇಲೆ ಬಿದ್ದು, ಕೊನೆಗೆ ಎಲ್ಲವೂ ಊರಿನ ಮೇಲೆ. ಅವರ ಸಲಹೆ ಏನಾಗಿತ್ತೆಂದರೆ ಊರಿನ ಮೇಲ್ಭಾಗದಲ್ಲೇ ಎರಡು ಜಲಾಶಯ ಕಟ್ಟಿ ಪ್ರವಾಹವನ್ನು ತಡೆದು ನಿಧಾನಕ್ಕೆ ಬಿಡುವುದು, ನದಿ ದಂಡೆಯನ್ನು ಮನೆಗಳಿಗೆ ಬಿಡದೆ ಉದ್ಯಾನ ಮಾಡುವುದು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ದೇವರ ಮುನಿಸು ಅಂತ ಕೈಚೆಲ್ಲಿದ್ದ ಒಂದು ದುರಂತವನ್ನು ಅವರು ಅಳೆಯಬಹುದಾದ, ಹಾಗಾಗಿ ತಪ್ಪಿಸಬಹುದಾದ ಘಟನೆ ಮಾಡಿದರು. ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದು ಅನಿಸುವುದು ಇದೇ.

ಅದೇ 1909ರ ಕೊನೆಗೆ ಮೈಸೂರಿನ ಚೀಫ್ ಇಂಜಿನಿಯರ್ ಆದರು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಕರೆಂಟೂ ಬಡವಾಗುತ್ತಿತ್ತು. ವರ್ಷವಿಡೀ ಒಂದೇ ಸಮ ನೀರು, ಮಂಡ್ಯದ ಗದ್ದೆಗೂ ನೀರು, ಇದಕ್ಕಾಗಿ ಕನ್ನಂಬಾಡಿಯಲ್ಲಿ ಅಣೆಕಟ್ಟು. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿ ಹಣ ಕೊಟ್ಟರು. 1911ರಲ್ಲಿ ಕೆಲಸ ಶುರುವಾಯಿತು. ಮದ್ರಾಸ್ ಸರ್ಕಾರ 80 ಅಡಿಗೆ ಮಾತ್ರ ಸೈ ಎಂದಿತು. ಎಂವಿ ಮುಂದೆ ಎತ್ತರಿಸಬಹುದಾದ ಅಗಲದ ಪಾಯವನ್ನೇ ಹಾಕಿಸಿದರು. ಸಿಮೆಂಟಿನ ಬದಲು ಸುರ್ಕಿ ಗಾರೆ. ಮಲೇರಿಯಾ ನಡುವೆ, ಹಗಲು ರಾತ್ರಿ ಸಾವಿರಾರು ಕೂಲಿಕಾರರು ದುಡಿದರು. ಅವರ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ. ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿ ಗುಡಿ ನೀರಿನಡಿ ಹೋದವು. 1924ರ ಫೆಬ್ರವರಿಯಲ್ಲಿ ಮೈಸೂರು, ಮದ್ರಾಸ್ ಒಪ್ಪಂದ ಆಯಿತು. ಅದೇ ಜುಲೈನಲ್ಲಿ ಕಾವೇರಿ ಕಣಿವೆಯಲ್ಲಿ ಮಹಾ ಪ್ರವಾಹ. ಅಣೆಕಟ್ಟು ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ಅಷ್ಟರಲ್ಲಿ ಎಂವಿ ಅಧಿಕಾರ ಬಿಟ್ಟು ಹತ್ತು ವರ್ಷ ಮೀರಿತ್ತು.

ಯಾಕೆ ಬಿಟ್ಟರು? ಪೋಸ್ಟರುಗಳು ಹೇಳದ ಭಾಗ ಇದು. 1912ರಿಂದ 1918ರವರೆಗೆ ದಿವಾನರಾಗಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಎಲ್ಲ ಅವರ ಕಾಲದ್ದೇ. ಶಾಲೆಗಳ ಸಂಖ್ಯೆ ದುಪ್ಪಟ್ಟಿಗೂ ಮೀರಿತು. ಆದರೆ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಪ್ರಶ್ನೆ ಎದ್ದು, ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ ಎಂವಿ ಅದನ್ನು ಒಪ್ಪಲಿಲ್ಲ. ಅರ್ಹತೆ ಕೆಡುತ್ತೆ ಅನ್ನೋದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಚರ್ಮದ ಬಣ್ಣದಿಂದಾಗಿ ತನಗೆ ಸಿಗದ ಕುರ್ಚಿಯನ್ನು ಕಂಡಿದ್ದವರು, ಜಾತಿಯಿಂದಾಗಿ ಇತರರಿಗೆ ಸಿಗದ ಕುರ್ಚಿಗಳನ್ನು ಕಾಣಲಿಲ್ಲ. ಮೂಸಿಯ ಒಂದೊಂದು ಕೆರೆಯನ್ನೂ ಎಣಿಸಿದ ಕಣ್ಣು ಇಲ್ಲಿ ಎಣಿಸಲು ಹೋಗಲೇ ಇಲ್ಲ. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿ ಬದುಕಿ 1962ರ ಏಪ್ರಿಲಿನಲ್ಲಿ ತೀರಿಕೊಂಡರು.

ಇದನ್ನು ಅವರನ್ನು ಸಣ್ಣವರನ್ನಾಗಿ ಮಾಡೋಕೆ ಹೇಳ್ತಿಲ್ಲ. ಅವರ ಶಕ್ತಿ ಮತ್ತು ಅವರ ಕುರುಡು, ಎರಡನ್ನೂ ನಾವು ಆಸ್ತಿಯಾಗಿ ಪಡೆದಿದ್ದೇವೆ. ಅಳೆಯುವುದರಲ್ಲಿ ನಾವು ಈಗ ಅವರಿಗಿಂತ ಎಷ್ಟೋ ಮುಂದಿದ್ದೇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಕೊಟ್ಟು ಹೇಳುತ್ತೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತೆ. ಗೇಟು ತೆಗೆಯುವ ಮುಂಚೆ ನದಿಪಾತ್ರದ ಜನರಿಗೆ ಎಚ್ಚರಿಕೆಯೂ ಹೋಗುತ್ತೆ.

ಆದರೆ ಆ ಎಚ್ಚರಿಕೆ ಯಾರಿಗೆ? ಮುಖ್ಯ ಕಚೇರಿಯಿಂದ ಜಿಲ್ಲಾಡಳಿತಕ್ಕೆ, ಅಲ್ಲಿಂದ ತಾಲೂಕಿಗೆ, ಅಲ್ಲಿಂದ ದಡದ ಹಳ್ಳಿಗೆ. ಭಾನುವಾರ ಬೆಂಗಳೂರಿನಿಂದ ಬಂದು ಬಂಡೆ ಮೇಲೆ ಚಪ್ಪಲಿ ಬಿಡುವ ಹುಡುಗ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಲಕ್ಷ ಕ್ಯೂಸೆಕ್ ಅನ್ನೋ ಪದ ಅವನಿಗೆ ಟಿವಿಯ ಸಂಭ್ರಮ ಅಷ್ಟೇ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 10,000 ಲೀಟರಿನ 283 ಟ್ಯಾಂಕರುಗಳು. ಅಗಲವಾಗಿ ಹರಿದು ಬಂದ ಆ ನದಿ ಮೇಕೆದಾಟಿನಲ್ಲಿ ಬಂಡೆಗಳ ಇಕ್ಕಟ್ಟಿನ ಸಂದಿಗೆ ನುಗ್ಗುತ್ತೆ. ಶತಮಾನಗಳ ಕಾಲ ನೀರು ಕೊರೆದ ಗುಂಡಿಗಳು ಅಲ್ಲಿನ ಬಂಡೆ ತುಂಬ ಇವೆ, ಮೇಲಿಂದ ಕಾಣಲ್ಲ. ರಭಸವಿದ್ದರೆ ಗಿಣ್ಣುದ್ದದ ನೀರೇ ಬೆಳೆದ ಮನುಷ್ಯನ ಕಾಲು ಕೀಳಬಲ್ಲದು. ಈಜು ಬರುತ್ತೆ ಅನ್ನೋದು ಸ್ವಿಮ್ಮಿಂಗ್ ಪೂಲಿನ ಮಾತು.

ಕನ್ನಂಬಾಡಿಯಲ್ಲಿ ಬಿಟ್ಟ ನೀರು ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರ ದಾಟಿ ಸಂಗಮಕ್ಕೆ ಬರಲು ಹಲವು ಗಂಟೆ ಬೇಕು. ಆ ಗಂಟೆಗಳು ಒಂದು ವರ. 1908ರ ಹೈದರಾಬಾದಿಗೆ ಅದು ಸಿಕ್ಕಿರಲಿಲ್ಲ. ಈಗ ಅದು ನಮ್ಮ ಕೈಲಿದೆ, ವ್ಯರ್ಥ ಮಾಡುವುದಾದರೆ ತಪ್ಪು ಮಳೆಯದ್ದಲ್ಲ. ಸಂಗಮಕ್ಕೆ ಹೋಗುವ ರಸ್ತೆಯಲ್ಲಿ, ಚೆಕ್‌ಪೋಸ್ಟಿನಲ್ಲಿ, ಪಾರ್ಕಿಂಗಿನಲ್ಲಿ ಅವತ್ತಿನ ಕೆಆರ್‌ಎಸ್, ಕಬಿನಿ, ಹಾರೋಬೆಲೆ ಹೊರಹರಿವು ಕನ್ನಡದಲ್ಲಿ ಬರೆದ ಬೋರ್ಡು ಇರಬೇಕು. ಬಂಡೆಯ ಮೇಲೆ ಕೆಂಪು ಗೆರೆ ಇರಬೇಕು. ನೀರು ಏರುವಾಗ ಮೊಳಗುವ ಸೈರನ್, ಕೈಗೆ ಸಿಗುವ ಹಗ್ಗ, ಗಾಳಿ ತುಂಬಿದ ಟ್ಯೂಬು, ಲೈಫ್ ಜಾಕೆಟ್ ತೊಟ್ಟ ಸ್ಥಳೀಯ ಈಜುಗಾರರಿಗೆ ಸಂಬಳ. ನದಿಯನ್ನು ಕಣ್ಣಲ್ಲೇ ಓದಬಲ್ಲ ತೆಪ್ಪದವರನ್ನು ಕೂರಿಸಿಕೊಂಡು ಇದನ್ನೆಲ್ಲ ಯೋಜಿಸಬೇಕು. ಮೇಲಿನವರ ಅರ್ಹತೆಯೊಂದೇ ಸಾಲದು, ಕೆಳಗಿನವರ ಪಾಲೂ ಬೇಕು ಅನ್ನೋ ಮಿಲ್ಲರ್ ಕಾಲದ ಪ್ರಶ್ನೆ ನದಿ ದಡದಲ್ಲೂ ಅದೇ ಪ್ರಶ್ನೆ.

2022ರ ಜನವರಿ 9ರಂದು ಇದೇ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ನಮ್ಮಲ್ಲಿ ಎಷ್ಟೋ ಜನ ಪರವಾಗಿ, ವಿರೋಧವಾಗಿ ಬರೆದೆವು, ಕೂಗಿದೆವು. ಅಣೆಕಟ್ಟು ಬರಲಿ, ಬಾರದಿರಲಿ, ಆ ತೀರ್ಮಾನಕ್ಕೆ ದಿಲ್ಲಿ ಬೇಕು, ಕೋರ್ಟು ಬೇಕು, ತಮಿಳುನಾಡು ಬೇಕು. ಒಂದು ಬೋರ್ಡಿಗೆ, ಒಂದು ಸೈರನ್ನಿಗೆ ಇವ್ಯಾವೂ ಬೇಡ. ಪಂಚಾಯಿತಿ ಸಭೆಯಲ್ಲಿ ಕೇಳಿ, ನಿಮ್ಮ ಶಾಸಕರನ್ನು ಕೇಳಿ.

ಅಲ್ಲಿಯವರೆಗೆ ನಿಮ್ಮ ಲೆಕ್ಕ ನೀವೇ ಇಟ್ಟುಕೊಳ್ಳಿ. ಹೊರಡುವ ಮುಂಚೆ ಕನಕಪುರದ ಹವಾಮಾನ ನೋಡಿದರೆ ಸಾಲದು. ಕೊಡಗು, ವಯನಾಡು, ಬೆಂಗಳೂರಿನ ಮುನ್ಸೂಚನೆ ನೋಡಿ, ಜಲಾಶಯಗಳ ಹೊರಹರಿವು ನೋಡಿ. ಹೊರಹರಿವು ಏರುತ್ತಿದ್ದರೆ ದಡದಿಂದ ದೂರವೇ ನಿಂತು ನದಿ ನೋಡಿ ಬನ್ನಿ. ನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಆಗಷ್ಟೇ ಕಂಡ ಕಲ್ಲು ಮುಳುಗಿದರೆ ಸೆಲ್ಫಿ ಬಿಟ್ಟು ಮೇಲೆ ಹತ್ತಿ. ಗೆಳೆಯ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ, ಹಾಗೆ ಹಾರಿದವರೂ ವಾಪಸ್ ಬಂದಿಲ್ಲದ ಸುದ್ದಿಗಳೇ ಹೆಚ್ಚು. ಹಗ್ಗ, ಕೋಲು, ಖಾಲಿ ಕ್ಯಾನು, ಏನಾದರೂ ಎಸೆಯಿರಿ, ಕೂಗಿ ತೆಪ್ಪದವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.