ಹಸುಗೂಸಿನ ಕಾಮಾಲೆ ತಾನಾಗೇ ಹೋಗುತ್ತಾ? ಡಾ. ಲ್ಯಾಡ್ ಬದುಕಿನಲ್ಲಿದೆ ಉತ್ತರ

ಹಸುಗೂಸಿಗೆ ಕಾಮಾಲೆ ಬಂದರೆ ಎಳೆಬಿಸಿಲಿಗೆ ಹಿಡಿಯಿರಿ, ನಾಟಿ ಔಷಧಿ ಹಾಕಿ, ತಾನಾಗೇ ಹೋಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಹುಟ್ಟಿದ ಮೊದಲ ವಾರದ ಕಾಮಾಲೆ ಬಹುತೇಕ ಮಕ್ಕಳಲ್ಲಿ ಇಳಿಯುತ್ತದೆ, ನಿಜ. ಆದರೆ ಕೆಲವು ಕಾಮಾಲೆಗೆ ಆಪರೇಷನ್ನೇ ಮದ್ದು. ಇದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರಾದ ಡಾ. ವಿಲಿಯಂ ಲ್ಯಾಡ್ ಅವರ ಬದುಕನ್ನು ನೋಡೋಣ.

1880ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಹುಟ್ಟಿದ ಲ್ಯಾಡ್, 1906ರಲ್ಲಿ ಹಾರ್ವರ್ಡ್‌ನಿಂದ ವೈದ್ಯರಾಗಿ ಹೊರಬಂದರು. ಆಗ ಅಲ್ಲಿ ಮಕ್ಕಳಿಗೂ ದೊಡ್ಡವರ ಸರ್ಜನ್‌ಗಳೇ ಆಪರೇಷನ್ ಮಾಡುತ್ತಿದ್ದರು. 1917ರ ಡಿಸೆಂಬರ್‌ನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿಮದ್ದಿನ ಹಡಗು ಸ್ಫೋಟಿಸಿದಾಗ ಲ್ಯಾಡ್ ನೆರವಿಗೆ ಧಾವಿಸಿದರು. ಅಲ್ಲಿ ಗಾಯಗೊಂಡ ಮಕ್ಕಳನ್ನು ಕಂಡೇ ಅವರು ಮಕ್ಕಳ ಸರ್ಜನ್ ಆದರು ಎಂಬ ಕಥೆ ಪ್ರಸಿದ್ಧ. ಆದರೆ ಅದಕ್ಕೂ ಮೊದಲೇ ಅವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1927ರಲ್ಲಿ ಅಲ್ಲಿನ ಮುಖ್ಯ ಸರ್ಜನ್ ಆದರು.

ಪಿತ್ತನಾಳ ಹುಟ್ಟಿನಿಂದಲೇ ಮುಚ್ಚಿಹೋದ ಕೂಸುಗಳ ಆಸೆ ಬಿಡುತ್ತಿದ್ದ ಕಾಲವದು. ಅಂಥ ಕೆಲವು ಮಕ್ಕಳನ್ನು ಆಪರೇಷನ್‌ನಿಂದ ಉಳಿಸಿದ್ದನ್ನು ಲ್ಯಾಡ್ 1928ರಲ್ಲಿ ಪ್ರಕಟಿಸಿದರು. 1941ರಲ್ಲಿ ಶಿಷ್ಯ ರಾಬರ್ಟ್ ಗ್ರಾಸ್ ಜೊತೆ ಮಕ್ಕಳ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಪುಸ್ತಕ ಬರೆದರು. 1967ರಲ್ಲಿ ತೀರಿಕೊಂಡರು.

ಅವರು ಹಾಕಿದ ದಾರಿಯಲ್ಲೇ ಇಂದು ಇನ್ನೊಂದು ಅಪರೂಪದ ಕಾಯಿಲೆಗೂ ಚಿಕಿತ್ಸೆ ಸಿಗುತ್ತಿದೆ: ಪಿತ್ತನಾಳ ತಾನಾಗಿ ತೂತಾಗುವುದು. ನಂಜನಗೂಡು ದಾಟಿ ಬರುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದಲ್ಲ, ಹಾಗೆಯೇ ಪಿತ್ತಕೋಶದ ನಾಳ ಲಿವರ್‌ನಿಂದ ಬರುವ ನಾಳವನ್ನು ಕೂಡಿ ಕರುಳಿನತ್ತ ಹೋಗುತ್ತದೆ. ಹೆಚ್ಚಾಗಿ ಮೂರು ತಿಂಗಳೊಳಗಿನ ಕೂಸುಗಳಲ್ಲಿ, ಈ ಕೂಡಲಿನ ಹತ್ತಿರವೇ ತೂತು ಬೀಳುತ್ತದೆ. ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ. ಹೊಟ್ಟೆ ಮೆಲ್ಲಗೆ ಉಬ್ಬುತ್ತದೆ, ಕಣ್ಣು ಹಳದಿಯಾಗುತ್ತದೆ, ಮಲ ಬಿಳಿಚಿಕೊಳ್ಳಬಹುದು, ಹೊಕ್ಕುಳ ಸುತ್ತ ಹಸಿರು ಛಾಯೆ ಕಾಣಬಹುದು.

ಸ್ಕ್ಯಾನಿಂಗ್ ಮಾಡಿ, ಸೋರಿದ ರಸವನ್ನು ಟ್ಯೂಬ್ ಹಾಕಿ ಹೊರತೆಗೆಯುತ್ತಾರೆ. ಎಷ್ಟೋ ಮಕ್ಕಳಲ್ಲಿ ತೂತು ಆಮೇಲೆ ತಾನೇ ಕೂಡಿಕೊಳ್ಳುತ್ತದೆ. ಕೆಳಗೆ ನಾಳ ಕಟ್ಟಿಕೊಂಡಿದ್ದರೆ ನಾಳವನ್ನು ಕರುಳಿಗೆ ಜೋಡಿಸಬೇಕಾಗಬಹುದು. ಬೇಗ ಬಂದ ಮಕ್ಕಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ.

ಹಾಗಾಗಿ ನಾವು ಹೇಳುವುದಿಷ್ಟೇ: ಕಾಮಾಲೆ ಎರಡು ವಾರ ದಾಟಿದರೆ, ಮಲ ಸುಣ್ಣದಂತೆ ಬಿಳಿಯಾದರೆ, ಹೊಟ್ಟೆ ಉಬ್ಬಿದರೆ ನಾಟಿ ಔಷಧಿಗೆ ಕಾಯಬೇಡಿ. ಆ ದಿನವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.